ಕಿನ್ನಿಯ ತಪ್ಪುಕಾಣಿಕೆ

ನಮ್ಮ ಇಗರ್ಜಿಯಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ಏಲಂ ನಡೆಯುತ್ತದೆ. ಹರಕೆ ಹೊತ್ತವರು ತಂದ ಬಾಳೆಗೊನೆ, ಸೌತೆಕಾಯಿ, ಹಲಸು, ಒಮ್ಮೊಮ್ಮೆ ಊರಕೋಳಿ, ಎಲ್ಲವನ್ನೂ ಎತ್ತಿ ಹಿಡಿದು ಕೂಗುವ ಕೆಲಸ ನನ್ನದು. ಪ್ರೈಮರಿ ಶಾಲೆಯಲ್ಲಿ ಮಾಸ್ಟ್ರಾಗಿದ್ದವನಿಗೆ ಪಿಂಚಣಿಯ ಜೊತೆ ಉಳಿದುಬಂದ ಇನ್ನೊಂದು ಆಸ್ತಿ ಎಂದರೆ ಗಂಟಲು. ಬಂದ ಹಣ ಇಗರ್ಜಿಯ ಖರ್ಚಿಗೆ, ವಸ್ತು ಕೊಂಡವರ ಅಡಿಗೆಮನೆಗೆ. ಇದರಲ್ಲಿ ಯಾರಿಗೂ ಯಾವ ಸಂಶಯವೂ ಇರಲಿಲ್ಲ, ಕಳೆದ ನವೆಂಬರಿನಲ್ಲಿ ಕಿನ್ನಿ ಕೋಳಿ ತರುವವರೆಗೆ.

ಕಿನ್ನಿ ನಮ್ಮ ಇಗರ್ಜಿಯವಳಲ್ಲ. ಪೂರ್ತಿ ಹೆಸರು ಕಿನ್ನಿ ಪೂಜಾರ್ತಿ. ನನ್ನ ಪಕ್ಕದ ಮನೆಯ ಜಾಯ್ಸ್‌ಳಲ್ಲಿ ಕೆಲಸಕ್ಕೆ ಬರುವವಳು. ಆ ಭಾನುವಾರ ಕೆಂಪು ಹುಂಜವೊಂದನ್ನು ಕಂಕುಳಲ್ಲಿ ಒತ್ತಿ ಹಿಡಿದು, ಒಳಗೆ ಬರಲೋ ಬೇಡವೋ ಎಂದು ಅಂಗಳದ ಶಿಲುಬೆಯ ಹತ್ತಿರ ನಿಂತಿದ್ದಳು. ತಲೆಗೆ ಸ್ನಾನ ಮಾಡಿ, ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟಿದ್ದಳು. "ಮಾಸ್ಟ್ರೇ, ಇದು ನಿಮ್ಮ ದೇವರಿಗೆ" ಎಂದು ಕೋಳಿಯನ್ನು ನನ್ನ ಕೈಗೆ ಕೊಟ್ಟಳು. ಯಾವುದೋ ಹರಕೆ ಅಂದುಕೊಂಡೆ. ಬಾಲ ಯೇಸುವಿನ ಗುಡ್ಡೆಗೆ ಗುರುವಾರ ಗುರುವಾರ ಯಾವ ಯಾವ ಮತದವರೆಲ್ಲ ಮೇಣದಬತ್ತಿ ಹಿಡಿದುಕೊಂಡು ಬರುತ್ತಾರೆ ಎಂದು ನಮ್ಮ ಬಿಕರ್ನಕಟ್ಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಾರ ಹರಕೆ, ಯಾತಕ್ಕೆ ಎಂದು ನಾವು ಕೇಳುವುದೂ ಇಲ್ಲ.

"ಒಂದು ಸಲ" ಎಂದು ಕೂಗಿದೆ. "ಎರಡು ಸಲ" ಎಂದೆ. ಕಿನ್ನಿ ಜನರ ಹಿಂದೆ ಕೈ ಜೋಡಿಸಿ ಕಣ್ಣು ಮುಚ್ಚಿ ನಿಂತಿದ್ದಳು. "ಮೂರು ಸಲ" ಎಂದಾಗ ತಲೆ ಬಾಗಿಸಿದಳು, ಮತ್ತೆ ಹಿಂತಿರುಗಿ ನೋಡದೆ ಗೇಟು ದಾಟಿ ಹೋಗಿಬಿಟ್ಟಳು. ಇದೆಂಥ ಭಕ್ತಿ ಎಂದು ಅನ್ನಿಸಿತು, ಆದರೆ ಇನ್ನೂ ಬಾಳೆಗೊನೆ ಬಾಕಿ ಇತ್ತು. ಕೋಳಿ ಹೋದದ್ದು ಜಾಯ್ಸ್‌ಗೆ. ಅವಳ ಮಗ ಕೆವಿನ್‌ಗೆ ಹೆಣ್ಣು ಗೊತ್ತಾಗಿತ್ತು. ಮರುದಿನ ಹುಡುಗಿಯ ಮನೆಯವರು ಊಟಕ್ಕೆ ಬರುವವರಿದ್ದರು. ಬೀಗರಿಗೆ ಬ್ರಾಯ್ಲರ್ ಬಡಿಸಿದರೆ ಮರ್ಯಾದೆ ಏನಾದೀತು ಎಂದು ಹಟ ಹಿಡಿದು ಕೂಗಿ ಕೊಂಡಳು.

ಇಲ್ಲಿ ಸ್ವಲ್ಪ ನಿಂತು ಕಿನ್ನಿಯ ಬಗ್ಗೆ ಹೇಳಬೇಕು.

ಹುಟ್ಟಿದ್ದು ಬೋಳಾರದಲ್ಲಿ, ನದಿಯ ಹತ್ತಿರ. ಅಪ್ಪ ಮಾಯಿಲಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣಿನ ಕೆಲಸ ಮಾಡುತ್ತಿದ್ದ. ಕಾರ್ಖಾನೆ ಮುಚ್ಚುವ ಮೊದಲು ಮಾಡಿದ ಒಂದೇ ದೊಡ್ಡ ಖರ್ಚು ಮಗಳ ಮದುವೆ. ಗಂಡ ಬೂಬ ಬಂದರಿನ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದ. ಒಳ್ಳೆಯ ಮನುಷ್ಯ, ಆದರೆ ಸಂಜೆಯ ಮೇಲೆ ಆ ಒಳ್ಳೆಯತನ ಸಾರಾಯಿ ಗಡಂಗಿನಲ್ಲಿ ಕೂತಿರುತ್ತಿತ್ತು. ಅವನು ತೀರಿಹೋದ. ಮಗ ಮುಖೇಶ್ ಎ.ಸಿ. ರಿಪೇರಿ ಮಾಡುತ್ತಾನೆ, ಚೆನ್ನಾಗಿ ದುಡಿಯುತ್ತಾನೆ, ಇನ್ನು ಮನೆಯಲ್ಲಿ ಕುಳಿತುಕೋ ಎಂದು ತಾಯಿಗೆ ಹೇಳಿ ಹೇಳಿ ಸೋತಿದ್ದಾನೆ. ಅವಳು ಮಾತ್ರ ದಿನಾ ಬೆಳಿಗ್ಗೆ ಶಕ್ತಿನಗರದಿಂದ ನಡೆದುಕೊಂಡೇ ಜಾಯ್ಸ್‌ಳ ಮನೆಗೆ ಬರುತ್ತಾಳೆ. ಮಳೆಗಾಲದಲ್ಲಿ ಅರ್ಧ ಒದ್ದೆಯಾಗಿ ಬಂದು ನಮ್ಮ ಪಾಗಾರದ ಗೋಡೆಯ ಹತ್ತಿರ ಸೀರೆಯ ಅಂಚು ಹಿಂಡುವಾಗ, ಮಾಸ್ಟ್ರಿಗೆ ಇನ್ನೂ ಚಾ ಆಗಲಿಲ್ಲವಾ ಎಂದು ನನ್ನನ್ನು ಕೆಣಕುತ್ತಾಳೆ. ನಾನು ಹೆಂಡತಿ ಹೋದ ಮೇಲೆ ಚಾ ಮಾಡಲು ಕಲಿತವನು. ನನ್ನ ಚಾದ ವಿಷಯ ಅವಳಿಗೆ ಗೊತ್ತು.

ಅವಳಲ್ಲಿ ಎರಡು ಅಭ್ಯಾಸ ನೋಡಿದ್ದೇನೆ. ಒಂದು, ಎಂಥ ನೀರು ಮುಟ್ಟಿದರೂ ಮೊದಲು ಎರಡು ಹನಿ ಮಣಿಕಟ್ಟಿನ ಒಳಬದಿಗೆ ಬಿಟ್ಟು ನೋಡುತ್ತಾಳೆ. ಚಾ ಆದರೆ ಸರಿ. ಬಾವಿಯಿಂದ ಆಗಷ್ಟೇ ಸೇದಿದ ನೀರಿಗೂ ಹಾಗೆಯೇ ಮಾಡುತ್ತಾಳೆ. ಇನ್ನೊಂದು, ಮೀನು ತಿನ್ನುವುದಿಲ್ಲ. ಬೋಳಾರದಲ್ಲಿ ಹುಟ್ಟಿ, ದಕ್ಕೆಯವನನ್ನು ಮದುವೆಯಾಗಿ, ಜಾಯ್ಸ್‌ಳ ಮನೆಯಲ್ಲಿ ದಿನಾ ಮೀನು ಕೊಯ್ದು ತೊಳೆದು ಕೊಡುವ ಹೆಂಗಸು ಉಪ್ಪಿನಕಾಯಿಯಲ್ಲಿ ಊಟ ಮುಗಿಸುತ್ತಾಳೆ ಎಂದರೆ ನಮ್ಮ ಊರಿನವರು ನಂಬಲಾರರು. ನಾನೂ ಬಹಳ ಕಾಲ ನಂಬಿರಲಿಲ್ಲ.

ಎರಡಕ್ಕೂ ಕಾರಣ ಒಂದೇ. ಕೆವಿನ್ ಮೂರು ನಾಲ್ಕು ವರ್ಷದ ಮಗುವಾಗಿದ್ದಾಗ ಅವನನ್ನು ನೋಡಿಕೊಳ್ಳುವುದು ಕಿನ್ನಿಯ ಕೆಲಸವಾಗಿತ್ತು. ಜಾಯ್ಸ್‌ಳ ಈಗ ತೀರಿಹೋಗಿರುವ ಗಂಡ ಆಗ ಕುವೈಟಿನಲ್ಲಿ. ಒಂದು ಬೆಳಿಗ್ಗೆ ಮೀನಿನವಳು ಗೇಟಿನಲ್ಲಿ ಕೂಗಿದಳು. ಬೂತಾಯಿ ಬಂದಿತ್ತು, ಒಳ್ಳೆಯ ಕೊಬ್ಬಿದ ಬೂತಾಯಿ. ಕಿನ್ನಿ ನೋಡಲು ಹೋದಳು, ಚೌಕಾಸಿಗೆ ನಿಂತಳು. ಒಳಗೆ ಅನ್ನ ಬಸಿದ ಗಂಜಿತಿಳಿ ಇನ್ನೂ ಕುದಿಯುವಷ್ಟು ಬಿಸಿಯಿತ್ತು, ಮಗು ಹೋಗಿ ಅದರ ಪಾತ್ರೆಗೆ ಬಿತ್ತು. ಎಡಗಡೆಯ ಕುತ್ತಿಗೆ, ಭುಜ, ಬೆನ್ನಿನ ಅರ್ಧ ಬೆಂದುಹೋಯಿತು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದರು. ಮಗು ಬದುಕಿತು. ಕಲೆ ಈಗಲೂ ಉಂಟು, ಕಾಲರ್ ಇದ್ದ ಶರ್ಟು ಹಾಕಿದರೆ ಕಿವಿಯ ಕೆಳಗೆ ಅಷ್ಟೇ ಕಾಣುತ್ತದೆ.

ಜಾಯ್ಸ್ ಕಿನ್ನಿಯನ್ನು ಕೆಲಸದಿಂದ ತೆಗೆಯಲಿಲ್ಲ. ಬೈಯಲೂ ಇಲ್ಲ. ಎಂಥ ಹೃದಯ ಎಂದು ಇಡೀ ವಾರ್ಡು ಹೊಗಳಿತು, ನಾನೂ ಹೊಗಳಿದೆ. ಆದರೆ ಅಂದಿನಿಂದ ಆ ಮನೆಯಲ್ಲಿ ಕಿನ್ನಿ ಒಲೆ ಮುಟ್ಟಲಿಲ್ಲ. "ಒಲೆಯ ಹತ್ತಿರ ನೀನು ಬೇಡ" ಎಂದು ಜಾಯ್ಸ್ ಒಂದೇ ಸಲ ಹೇಳಿದ್ದು. ಅನ್ನಕ್ಕೆ ಕುಕ್ಕರ್ ಬಂತು, ಗಂಜಿತಿಳಿ ಎಂಬುದೇ ಆ ಮನೆಯಿಂದ ಹೋಯಿತು. ಮತ್ತೆ, ಹೊಸಬರು ಯಾರಾದರೂ ಹುಡುಗನ ಕುತ್ತಿಗೆ ನೋಡಿ ಇದೆಂತ ಎಂದು ಕೇಳಿದರೆ ಜಾಯ್ಸ್‌ಳ ಹತ್ತಿರ ಒಂದು ಉತ್ತರ ಸಿದ್ಧವಿತ್ತು. "ಚಿಕ್ಕದಿರುವಾಗ ಕಿನ್ನಿಯ ಕೈಯಲ್ಲಿ ಆದದ್ದು." ಸಿಟ್ಟಿಲ್ಲದೆ, ಮೆಲ್ಲಗೆ ಹೇಳುತ್ತಿದ್ದಳು. ಕಿನ್ನಿ ಅಲ್ಲೇ ನೆಲ ಒರೆಸುತ್ತಿದ್ದರೂ ಹೇಳುತ್ತಿದ್ದಳು. ಅಷ್ಟು ಮೆಲ್ಲಗಿನ ಮಾತು ನನಗೆ ಯಾವತ್ತೂ ಹಿಡಿಸಲಿಲ್ಲ.

ಕಿನ್ನಿ ಬೂತಾಯಿಯ ಆಸೆಗೆ ಹೋದವಳಲ್ಲವೇ, ಅಂದೇ ಮೀನು ಬಿಟ್ಟಳು.

ಈಗ ಕೋಳಿಯ ಕಥೆಗೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಜಾಯ್ಸ್ ಪಾಗಾರದ ಆಚೆಯಿಂದ ನನ್ನನ್ನು ಕರೆದಳು. "ಮಾಸ್ಟ್ರೇ, ಒಮ್ಮೆ ಬನ್ನಿ. ಈ ಕಿನ್ನಿಗೆ ಎಂತ ಆಗಿದೆಯೋ ಗೊತ್ತಿಲ್ಲ. ಕೋಳಿ ಕೊಯ್ಯು ಅಂದರೆ ಕೂತು ಅಳ್ತಾ ಇದ್ದಾಳೆ."

ಹೋಗಿ ನೋಡಿದೆ. ಹುಂಜವನ್ನು ಪಪ್ಪಾಯಿ ಗಿಡಕ್ಕೆ ಕಟ್ಟಿದ್ದರು. ಕಿನ್ನಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ಆ ಮನೆಯಲ್ಲಿ ಹೇಳಿದ ಕೆಲಸಕ್ಕೆ ಆಗುವುದಿಲ್ಲ ಎಂದು ಅವಳು ಹೇಳಿದ್ದು ಅದೇ ಮೊದಲು. ಆ ಕೋಳಿ ತಂದವಳು ಇವಳೇ ಎಂದು ನನಗೆ ಆಗ ನೆನಪಾಯಿತು. ಜಾಯ್ಸ್‌ಳನ್ನು, ನೀನು ಒಳಗೆ ಹೋಗು, ನಾನು ವಿಚಾರಿಸುತ್ತೇನೆ ಎಂದು ಕಳಿಸಿದೆ. ಅವಳು ಕೋಳಿ ಕೊಯ್ಯುವುದಾದರೆ ಈಗಲೇ ಹೇಳಿ, ಇಲ್ಲದಿದ್ದರೆ ಕೈಕಂಬಕ್ಕೆ ಹೋಗಿ ಬ್ರಾಯ್ಲರ್ ತರಬೇಕು ಎಂದು ಗೊಣಗುತ್ತ ಹೋದಳು.

ಕಿನ್ನಿಯೊಂದಿಗೆ ನಾನು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಮಾಸ್ಟ್ರೇ, ನಿಮ್ಮ ದೇವರಿಗೆ ಬೇಡದಿದ್ದರೆ ನಿನ್ನೆಯೇ ಹೇಳಬಹುದಿತ್ತು" ಎಂದಳು. "ವಾಪಸು ಇಲ್ಲಿಗೇ ಯಾಕೆ ಕಳಿಸಿದ್ದು? ನನ್ನ ಕೈಯಲ್ಲೇ ಕೊಯ್ಯಲಿಕ್ಕಾ?"

ಆಗ ಎಲ್ಲ ಬಿಡಿಸಿ ಹೇಳಿದಳು. ಕೆವಿನ್‌ಗೆ ಈ ಮೊದಲು ಒಂದು ಸಂಬಂಧ ಬಂದು ತಪ್ಪಿಹೋಗಿತ್ತು. ಹುಡುಗಿಯ ಕಡೆಯವರು ಕುತ್ತಿಗೆ ನೋಡಿ ಹಿಂದೆ ಸರಿದರು ಎಂದು ಜಾಯ್ಸ್ ಯಾರಿಗೋ ಫೋನಿನಲ್ಲಿ ಹೇಳಿದ್ದು ಕಿನ್ನಿಯ ಕಿವಿಗೆ ಬಿದ್ದಿತ್ತು. ತನ್ನ ತಪ್ಪು ಇನ್ನೂ ಸತ್ತಿಲ್ಲ, ಹುಡುಗನ ಬೆನ್ನು ಬಿಟ್ಟಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಅವಳ ಮನೆಯ ಕ್ರಮದಲ್ಲಿ ಇದಕ್ಕೆ ದಾರಿ ಉಂಟು. ತಪ್ಪಾದರೆ ಒಪ್ಪಿಕೊಂಡು ತಪ್ಪುಕಾಣಿಕೆ ಇಡಬೇಕು, ಅದನ್ನೂ ಯಾರಿಗೆ ತಪ್ಪಾಯಿತೋ ಅವರು ನಂಬಿದ ಜಾಗದಲ್ಲೇ ಇಡಬೇಕು. ತನ್ನ ಮನೆಯ ದೈವಕ್ಕೆ ಇಟ್ಟರೆ ಕೆವಿನ್‌ಗೆ ಹೇಗೆ ತಾಗುತ್ತದೆ? ಹುಡುಗನಿಗೆ ಹೆಣ್ಣು ಗೊತ್ತಾದರೆ ಬಾಯಿಯ, ಅಂದರೆ ಜಾಯ್ಸ್‌ಳ, ಇಗರ್ಜಿಗೆ ಒಂದು ಹುಂಜ ಎಂದು ಹೇಳಿಕೊಂಡಳು. ಹೆಣ್ಣು ಗೊತ್ತಾಯಿತು. ತಂದಳು. ನಾನು ಮೂರು ಸಲ ಕೂಗಿದ್ದನ್ನು ಕೋಳಿ ಕಡಿಯುವ ಮೊದಲಿನ ಪ್ರಾರ್ಥನೆ ಅಂದುಕೊಂಡಿದ್ದಳು. ಒಪ್ಪಿಸಿದ್ದನ್ನು ತಿರುಗಿ ನೋಡಬಾರದಲ್ಲ, ಹಾಗೆ ಹೊರಟುಹೋಗಿದ್ದಳು.

ನನ್ನ ಏಲಂ ಕೂಗನ್ನು ಪ್ರಾರ್ಥನೆ ಎಂದು ತಿಳಿದುಕೊಂಡವಳು ಈ ಭೂಮಿಯ ಮೇಲೆ ಅವಳೊಬ್ಬಳೇ ಇರಬೇಕು. ನಗು ಬರಬೇಕಿತ್ತು, ಬರಲಿಲ್ಲ.

"ನೋಡು ಕಿನ್ನಿ, ನಮ್ಮಲ್ಲಿ ಕೋಳಿ ಕಡಿಯುವ ಕ್ರಮ ಇಲ್ಲ" ಎಂದೆ.

"ಮತ್ತೆ ಗೇಟಿನ ಬೋರ್ಡಿನಲ್ಲಿ ಬಲಿಪೂಜೆ ಅಂತ ಬರೆದದ್ದು? ಮುಖೇಶ ಓದಿ ಹೇಳಿದ್ದಾನೆ."

"ಬಲಿ ಉಂಟು. ಅದು ಆಗಿಹೋಗಿದೆ, ಒಂದೇ ಸಲ. ನಾವು ಪೂಜೆಯಲ್ಲಿ ಅದನ್ನೇ ನೆನೆದು ಅದರಲ್ಲಿ ಸೇರುವುದು, ಹೊಸತಾಗಿ ಏನೂ ಕಡಿಯುವುದಿಲ್ಲ. ಹಿಂದೆ ಯೇಸುವಿನ ಜನರಲ್ಲೂ ನಿಮ್ಮ ಹಾಗೆಯೇ ಇತ್ತು. ವರ್ಷಕ್ಕೊಮ್ಮೆ ಎರಡು ಹೋತ ತರುವುದು. ಒಂದನ್ನು ಕಡಿಯುವುದು. ಇನ್ನೊಂದರ ತಲೆಯ ಮೇಲೆ ಅವರ ಗುರುಗಳು ಕೈಯಿಟ್ಟು ಊರಿನವರ ತಪ್ಪೆಲ್ಲ ಹೇಳಿ, ಅದನ್ನು ಕಾಡಿಗೆ ಅಟ್ಟುವುದು."

"ಮರುವರ್ಷ?"

"ಮರುವರ್ಷ ಪುನಃ ಎರಡು ಹೋತ."

"ಹಾಗಾದರೆ ತಪ್ಪು ಹೋಗಲಿಲ್ಲ."

"ಅದೇ ನಾನು ಹೇಳುವುದು. ಹೋತ ಒಪ್ಪಿಕೊಂಡು ಬಂದದ್ದಲ್ಲ, ಎಳೆದು ತಂದದ್ದು. ಯೇಸು ಒಪ್ಪಿಕೊಂಡು ಬಂದ. ತಪ್ಪಿನ ಭಾರ ಎಲ್ಲಿಯಾದರೂ ಇಳಿಯಲೇಬೇಕಲ್ಲ, ನನ್ನ ಮೇಲೆ ಇಳಿಸಿ ಅಂದ. ಶಿಲುಬೆಯಲ್ಲಿ ಸತ್ತ. ಅವನು ದೇವರೇ ಅಂತ ನಮ್ಮ ನಂಬಿಕೆ. ಬಲಿ ತೆಗೆದುಕೊಳ್ಳಬೇಕಾದವನೇ ಬಲಿಯಾದ ಮೇಲೆ ಇನ್ನು ಯಾರೂ ಎಂತದೂ ಕೊಡಲಿಕ್ಕೆ ಬಾಕಿ ಇಲ್ಲ."

ಕಿನ್ನಿ ಹುಂಜವನ್ನು ನೋಡಿದಳು. "ದೈವವೇ ಬಂದು ಕೋಳಿಯ ಜಾಗದಲ್ಲಿ ನಿಂತ ಹಾಗಾ?"

ಸೆಮಿನರಿಯಲ್ಲಿ ಹೀಗೆ ಹೇಳಿದರೆ ಪಾಸು ಮಾಡುತ್ತಾರೋ ಇಲ್ಲವೋ, ನಾನು ಹೌದು ಎಂದೆ.

"ನಿಮ್ಮವರಿಗೆ ಮಾತ್ರವಾ?"

"ಎಲ್ಲರಿಗೂ. ಅವನು ಜಾತಿ ಕೇಳಲಿಲ್ಲ."

"ನನ್ನದೂ ಮುಗಿದಿದೆಯಾ?"

"ಮುಗಿದಿದೆ ಮಾರಾಯ್ತಿ. ಯಾವಾಗಲೋ ಮುಗಿದಿದೆ."

ಅವಳು ಆಮೇಲೆ ಕೇಳಿದಳು. "ಈ ವಿಷಯ ಬಾಯಿಗೆ ಗೊತ್ತುಂಟಾ?"

ಜಾಯ್ಸ್ ಭಾನುವಾರ ಹತ್ತನೆಯ ಕ್ಲಾಸಿನ ಮಕ್ಕಳಿಗೆ ಕ್ರಿಸ್ತಶಿಕ್ಷಣ ಕಲಿಸುವವಳು. ಕುರಿಮರಿಯ ಚಿತ್ರ ಬರೆದ ಚಾರ್ಟು ಅವಳ ಮನೆಯ ಚಾವಡಿಯಲ್ಲೇ ಸುತ್ತಿ ಇಟ್ಟಿದೆ. ಲೋಕದ ಪಾಪಗಳನ್ನು ಹೊತ್ತ ದೇವರ ಕುರಿಮರಿ ಎಂದು ಅವಳು ಮಕ್ಕಳಿಂದ ಹೇಳಿಸುವುದು ಪಕ್ಕದ ಕೋಣೆಯಲ್ಲಿ ಕಲಿಸುವ ನನಗೆ ಗೋಡೆ ದಾಟಿ ಕೇಳುತ್ತದೆ. "ಗೊತ್ತುಂಟು" ಎಂದಷ್ಟೇ ಹೇಳಿದೆ. ಕಿನ್ನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾತ್ರೆ ತಿಕ್ಕಲು ಹೋದಳು. ಬೀಗರಿಗೆ ಆ ದಿನ ಬ್ರಾಯ್ಲರ್ ಬಡಿಸಿದರು, ಅವರು ಚೆನ್ನಾಗಿಯೇ ತಿಂದರು.

ಇದನ್ನು ಓದುವವರಲ್ಲಿ ಯಾರಿಗಾದರೂ ಕಿವಿ ನೆಟ್ಟಗಾಗಿದ್ದರೆ ಈಗಲೇ ಹೇಳಿಬಿಡುತ್ತೇನೆ, ಇದು ಯಾರೂ ಧರ್ಮ ಬದಲಾಯಿಸಿದ ಕಥೆ ಅಲ್ಲ. ಕಿನ್ನಿ ಈಗಲೂ ಅವಳ ಮನೆಯ ದೈವದ ತಂಬಿಲಕ್ಕೆ ಹೂವು, ಎಳನೀರು ತೆಗೆದುಕೊಂಡು ಹೋಗುತ್ತಾಳೆ. ಬದಲಾಗಬೇಕಾಗಿದ್ದದ್ದು ಬೇರೆಯವರು.

ಎರಡು ದಿನ ಬಿಟ್ಟು ಜಾಯ್ಸ್‌ಳ ಮನೆಗೆ ಹೋದೆ. ನನಗೆ ಸಿಟ್ಟು ಬೇಗ ಬರುತ್ತದೆ, ತಡವಾಗಿ ಹೋಗುತ್ತದೆ. ಅವಳು ಚಾವಡಿಯಲ್ಲಿ ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ಕೋಳಿ ಯಾರದ್ದು, ಯಾಕೆ ತಂದದ್ದು ಎಂದು ಹೇಳಿದೆ. ಕಿನ್ನಿಯ ಕೊನೆಯ ಪ್ರಶ್ನೆಯನ್ನೂ ಹೇಳಿದೆ.

ಜಾಯ್ಸ್‌ಳ ಮುಖ ಕೆಂಪಾಯಿತು. "ನಾನು ಅವಳಿಗೆ ಒಂದು ಮಾತು ಬೈದದ್ದುಂಟಾ? ಬೇರೆಯವರಾಗಿದ್ದರೆ ಪೊಲೀಸಿಗೆ ಕೊಡ್ತಿದ್ದರು. ಕ್ಷಮಿಸಿಯೇ ಇಟ್ಟುಕೊಂಡದ್ದಲ್ಲವಾ ನಾನು?"

"ಬೈದಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತು. ನೀನು ಬೈಯಲೂ ಇಲ್ಲ, ಬಿಡಲೂ ಇಲ್ಲ. ಬಂದವರಿಗೆಲ್ಲ ಅವಳ ಹೆಸರು ಹೇಳ್ತೀ."

"ಮಾಸ್ಟ್ರೇ, ನೀವು ಏಲಂ ಕೂಗಿ, ಸಾಕು. ನನ್ನ ಅಡಿಗೆಮನೆಗೆ ಪ್ರವಚನ ತರಬೇಡಿ."

ಇನ್ನು ಇಲ್ಲಿ ಕೂತರೆ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ ಎಂದು ಎದ್ದೆ. ಮೆಟ್ಟಿಲು ಇಳಿಯುವಾಗ ಜಾಯ್ಸ್ ಹಿಂದಿನಿಂದ "ಕೂತುಕೊಳ್ಳಿ" ಎಂದಳು. ಬೇರೆ ಯಾರದ್ದೋ ಸ್ವರದ ಹಾಗಿತ್ತು.

"ಪಾತ್ರೆ ನೆಲದಲ್ಲಿಟ್ಟದ್ದು ನಾನು" ಎಂದಳು.

ನಾನು ಕುಳಿತುಕೊಂಡೆ.

ಅನ್ನ ಬಸಿಯುವುದು ಯಾವಾಗಲೂ ಒಲೆಯ ಕಟ್ಟೆಯ ಮೇಲೆ, ಮಗುವಿನ ಕೈಗೆ ಸಿಗದ ಎತ್ತರದಲ್ಲಿ. ಅಂದು ಬಸಿಯುತ್ತಿರುವಾಗಲೇ ಕುವೈಟಿನಿಂದ ಫೋನು ಬಂತು. ಆಗ ಫೋನು ಬರುವುದೇ ಅಪರೂಪ, ಎತ್ತದಿದ್ದರೆ ಮತ್ತೆ ಮುಂದಿನ ವಾರ. ತಿಳಿಯ ಪಾತ್ರೆಯನ್ನು ಬಾಗಿಲ ಹತ್ತಿರ ನೆಲಕ್ಕೆ ಇಳಿಸಿ, ಮಗುವನ್ನು ನೋಡು ಎಂದು ಕಿನ್ನಿಗೆ ಕೂಗಿ ಹೇಳಿ ಚಾವಡಿಗೆ ಓಡಿದಳು. ಕಿನ್ನಿ ಆಗಲೇ ಗೇಟಿನತ್ತ ಹೊರಟಿದ್ದಳು. ಕೇಳಿಸಿತೋ ಇಲ್ಲವೋ ಜಾಯ್ಸ್‌ಗೆ ಗೊತ್ತಿಲ್ಲ.

"ಗಂಡನಿಗೂ ಹೇಳಲಿಲ್ಲ" ಎಂದಳು ಜಾಯ್ಸ್. "ಅವರು ಊರಿಗೆ ಬಂದು ಹೇಗಾಯಿತು ಅಂತ ಕೇಳಿದರು. ಬಾಯಲ್ಲಿ ಅವಳ ಹೆಸರು ಬಂತು. ಒಮ್ಮೆ ಬಂದದ್ದು ಹಾಗೇ ಉಳಿಯಿತು. ಕುಮ್ಸಾರಿನಲ್ಲಿ ಪಾಪ ಒಪ್ಪಿಕೊಂಡು ಹೇಳಿದ್ದೇನೆ, ಒಂದು ಸಲ ಅಲ್ಲ. ಪ್ರತಿ ಸಲ ಫಾದರ್ ದೇವರ ಹೆಸರಲ್ಲಿ ಕ್ಷಮೆ ಕೊಟ್ಟರು."

"ಕ್ಷಮೆ ತೆಗೆದುಕೊಂಡು ಮನೆಗೆ ಬಂದು ಭಾರವನ್ನು ಅವಳ ತಲೆಯ ಮೇಲೆಯೇ ಇಟ್ಟೆ" ಎಂದೆ ನಾನು. ನನ್ನ ನಾಲಗೆಯ ಬಗ್ಗೆ ಮೊದಲೇ ಹೇಳಿದ್ದೇನೆ.

ಜಾಯ್ಸ್ ಅಳಲಿಲ್ಲ. "ಅವಳಿಗೆ ಗೊತ್ತುಂಟು ಮಾಸ್ಟ್ರೇ. ಪಾತ್ರೆ ನೆಲದಲ್ಲಿದ್ದದ್ದು ಅವಳೇ ನೋಡಿದ್ದು, ಮಗುವನ್ನು ಎತ್ತಿದ್ದು ಅವಳೇ. ಇಷ್ಟು ವರ್ಷದಲ್ಲಿ ಯಾರಿಗೂ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ನನಗೆ ಅವಳ ಹತ್ತಿರ ಜಗಳವಾದರೂ ಮಾಡಬಹುದಿತ್ತು."

ಆ ದಿನ ಮನೆಗೆ ಬಂದು ನನ್ನ ಕೆಟ್ಟ ಚಾ ಕುಡಿಯುತ್ತ ಯೋಚಿಸಿದೆ. ನಾವು ಒಂದೇ ಕುರಿಮರಿ ಎನ್ನುತ್ತೇವೆ, ಪ್ರತಿ ಪೂಜೆಯಲ್ಲಿ ಎದೆ ಮುಟ್ಟಿಕೊಂಡು ಹೇಳುತ್ತೇವೆ. ಆದರೂ ಮನೆಯಲ್ಲಿ ಇನ್ನೊಂದನ್ನು ಕಟ್ಟಿಹಾಕಿ ಸಾಕುತ್ತೇವೆ. ದೇವರು ಹೊತ್ತನೆಂದರೆ ನಂಬಿಕೆ ಸಾಲದು, ಕಣ್ಣೆದುರು ಹೊರುವವರು ಒಬ್ಬರು ಬೇಕು. ಆ ಹೋತ ಕಾಡಿಗಾದರೂ ಹೋಗುತ್ತಿತ್ತು. ಕಿನ್ನಿ ದಿನಾ ಬೆಳಿಗ್ಗೆ ಶಕ್ತಿನಗರದಿಂದ ನಡೆದು ವಾಪಸು ಬರುತ್ತಿದ್ದಳು. ಅವಳ ಮೌನವನ್ನು ತ್ಯಾಗ ಎಂದು ಹೊಗಳಲು ನನಗೆ ಮನಸ್ಸಿಲ್ಲ. ಬೇರೆಯವರ ತಪ್ಪನ್ನು ತನ್ನ ಮೇಲೆ ಹೊತ್ತು ಮುಗಿಸುವುದು ಮನುಷ್ಯರಿಂದ ಆಗುವ ಕೆಲಸವಲ್ಲ ಎಂದೇ ಅದನ್ನು ದೇವರು ತಾನು ಮಾಡಿದ್ದು ಎಂದು ನಾನು ನಂಬಿದ್ದೇನೆ.

ಅದಾದ ಮೇಲೆ ವಾರಗಟ್ಟಲೆ ಏನೂ ಆಗಲಿಲ್ಲ. ಹುಂಜ ಮಾತ್ರ ಪಪ್ಪಾಯಿ ಗಿಡದ ಬುಡದಲ್ಲಿ ಕೊಬ್ಬುತ್ತಾ ಹೋಯಿತು. ಅದನ್ನು ಕೊಯ್ಯಲು ಕಿನ್ನಿ ಒಪ್ಪಲಿಲ್ಲ, ಕೊಯ್ಯು ಎನ್ನಲು ಜಾಯ್ಸ್‌ಗೆ ಬಾಯಿ ಬರಲಿಲ್ಲ. ಹಗ್ಗ ಬಿಚ್ಚಿದ ಮೇಲೆ ನಮ್ಮ ಪಾಗಾರ ಹತ್ತಿ ಕೂಗಲು ಕಲಿಯಿತು. ಜಾಯ್ಸ್ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಹೇಳಿ ಕೆಡಿಸಿದೆನೇನೋ ಎಂದು ನನಗೂ ಸಂಕಟವಾಗುತ್ತಿತ್ತು. ಕಿನ್ನಿ ಎಂದಿನಂತೆ ಮೀನು ಕೊಯ್ಯುತ್ತಿದ್ದಳು, ತಿನ್ನುತ್ತಿರಲಿಲ್ಲ.

ಜನವರಿಯ ಮೊದಲ ವಾರ ಮದುವೆ, ಅದರ ಹಿಂದಿನ ದಿನ ರೋಸ್. ನಮ್ಮವರಲ್ಲಿ ಮದುಮಗನನ್ನು ಚಪ್ಪರದಲ್ಲಿ ಕೂರಿಸಿ, ತಲೆಗೆ ಎಣ್ಣೆ ಹಾಕಿ, ಮೈಗೆ ತೆಂಗಿನಹಾಲು ಹಚ್ಚಿ, ಹಾಡು ಹೇಳಿ, ಕೊನೆಗೆ ಬಿಸಿನೀರಿನ ಸ್ನಾನ ಮಾಡಿಸುವ ಕ್ರಮ. ಅಂದಿಗೆ ಹುಡುಗನ ಬ್ರಹ್ಮಚಾರಿ ಬದುಕು ತೊಳೆದುಹೋಯಿತು ಎಂದು ಲೆಕ್ಕ. ತಾಯಿ ಮೊದಲು, ಆಮೇಲೆ ನೆಂಟರು ಸಾಲಾಗಿ ಬಂದು ಹಚ್ಚುತ್ತಾರೆ. ಬೆಳಿಗ್ಗೆಯಿಂದ ಹಿಂದಿನ ಜಗಲಿಯಲ್ಲಿ ಕುಳಿತು ರಾಶಿ ತೆಂಗಿನಕಾಯಿ ತುರಿದು ಹಾಲು ಹಿಂಡಿದ್ದು ಕಿನ್ನಿ. ಹಂಡೆಯಲ್ಲಿ ಬಿಸಿನೀರು ಕಾಯಿಸಲು ಬೇರೆ ಹೆಂಗಸನ್ನು ಕರೆಸಿದ್ದರು.

ಕೆವಿನ್ ಬರಿಮೈಯಲ್ಲಿ ಬಂದು ಸ್ಟೂಲಿನ ಮೇಲೆ ಕುಳಿತ. ಬನಿಯನ್ ಹಾಕಿಕೋ ಎಂದು ತಾಯಿ ಹಿಂದಿನ ದಿನವೆಲ್ಲ ಹೇಳಿದ್ದಳಂತೆ. "ಬನಿಯನ್ನಿಗೆ ರೋಸ್ ಹಚ್ಚುವುದಾ ಮಮ್ಮಿ?" ಎಂದು ನಕ್ಕು ಬಿಟ್ಟಿದ್ದನಂತೆ. ಅವನಿಗೆ ಆ ಕಲೆ ಹುಟ್ಟಿದಾಗಿನಿಂದ ಇದ್ದ ಹಾಗೆ. ಸುರತ್ಕಲ್ ಕಡೆಯ ಕಂಪನಿಯ ಅವನ ಗೆಳೆಯರಿಗೂ ಹೊಸದಲ್ಲ. ಹುಡುಗಿಯ ಸೋದರತ್ತೆಯೊಬ್ಬರು ರೋಸ್‌ಗೆ ಬಂದಿದ್ದರು. ಅವರಿಗೆ ಹೊಸದು. ಬೆನ್ನಿನವರೆಗೆ ಇಳಿದ ಸುಕ್ಕು ಚರ್ಮ ನೋಡಿ, "ದೇವರೇ, ಇದೆಂತ ಆದದ್ದು ಮಗುವಿಗೆ?" ಎಂದು ಕೇಳಿದರು.

ಕೇಳಿದ್ದು ಎಲ್ಲರಿಗೂ ಕೇಳಿಸಿತು. ಹಾಡುವವರು ಆಗಷ್ಟೇ ಉಸಿರು ತೆಗೆದುಕೊಳ್ಳಲು ನಿಂತಿದ್ದರು. ಕಿನ್ನಿ ತೆಂಗಿನಹಾಲಿನ ಇನ್ನೊಂದು ಪಾತ್ರೆ ಹಿಡಿದುಕೊಂಡು ಚಪ್ಪರದ ಕಂಬದ ಹತ್ತಿರ ನಿಂತಿದ್ದಳು. ಉತ್ತರ ಏನು ಬರುತ್ತದೆಂದು ಅವಳಿಗೆ ಗೊತ್ತು, ನನಗೂ ಗೊತ್ತು. ಅವಳು ತಲೆ ತಗ್ಗಿಸಿ ತಯಾರಾಗಿ ನಿಂತಳು.

"ನನ್ನ ಕೈಯಲ್ಲಿ ಆದದ್ದು" ಎಂದಳು ಜಾಯ್ಸ್. "ಬಿಸಿ ಗಂಜಿತಿಳಿಯ ಪಾತ್ರೆಯನ್ನು ನೆಲದಲ್ಲಿಟ್ಟು ಫೋನಿಗೆ ಹೋದೆ. ನಾನು ಇಟ್ಟದ್ದು. ಬೆಂದ ಮಗುವನ್ನು ಎತ್ತಿಕೊಂಡು ರಸ್ತೆಗೆ ಓಡಿ ರಿಕ್ಷಾ ಹಿಡಿದದ್ದು ಕಿನ್ನಿ."

ಕೆವಿನ್ ತಿರುಗಿ ತಾಯಿಯ ಮುಖ ನೋಡಿದ. ಅವನಿಗೂ ಇದು ಗೊತ್ತಿರಲಿಲ್ಲ. ಹುಡುಗಿಯ ಸೋದರತ್ತೆ "ಪಾಪ" ಎಂದರು, ಯಾರಿಗೆ ಹೇಳಿದರೋ.

"ಕಿನ್ನಿ, ಬಾ" ಎಂದಳು ಜಾಯ್ಸ್. "ಅವನಿಗೆ ರೋಸ್ ಹಚ್ಚು."

ಕಿನ್ನಿ ಅಲುಗಲಿಲ್ಲ. "ನಾನು ನಿಮ್ಮವಳಲ್ಲ ಬಾಯೀ. ಗಂಡನಿಲ್ಲದವಳು ಬೇರೆ."

"ನನಗೂ ಗಂಡನಿಲ್ಲ. ಬಾ."

ಬಂದಳು. ಬೊಗಸೆಯಲ್ಲಿ ತೆಂಗಿನಹಾಲು ತೆಗೆದುಕೊಂಡು, ಮೊದಲು ಎರಡು ಹನಿ ಮಣಿಕಟ್ಟಿಗೆ ಬಿಟ್ಟು ನೋಡಿದಳು. ತಣ್ಣಗಿನ ತೆಂಗಿನಹಾಲು. ಹುಡುಗರು ಗೊಳ್ಳೆಂದು ನಕ್ಕರು, ಕೆವಿನ್ ಕೂಡ ನಕ್ಕ. ಜಾಯ್ಸ್ ನಗಲಿಲ್ಲ. ಕಿನ್ನಿ ಅವನ ಎಡಭುಜಕ್ಕೆ, ಕುತ್ತಿಗೆಗೆ, ಬೆನ್ನಿಗೆ, ಕಲೆ ಇದ್ದಷ್ಟು ಜಾಗಕ್ಕೆಲ್ಲ ನಿಧಾನವಾಗಿ ಹಚ್ಚಿದಳು. ಹಚ್ಚುವಾಗ ಏನೋ ಹೇಳುತ್ತಿದ್ದಳು, ಹಾಡಿನ ಗದ್ದಲದಲ್ಲಿ ನನಗೆ ಕೇಳಲಿಲ್ಲ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ತೆಂಗಿನಹಾಲು ಸಿಡಿದಿತ್ತು ಎಂದು ಬೇಕಾದರೆ ಹೇಳಬಹುದು, ಆದರೆ ಸಿಡಿದಿರಲಿಲ್ಲ.

ಸ್ನಾನಕ್ಕೆ ಹೊತ್ತಾದಾಗ ಜಾಯ್ಸ್, ಹಂಡೆಯ ಹತ್ತಿರ ಕೂತಿದ್ದ ಹೆಂಗಸನ್ನು ಎಬ್ಬಿಸಿದಳು. "ಬಿಸಿನೀರು ಕಿನ್ನಿ ತರಲಿ" ಎಂದಳು. ಕಿನ್ನಿ ಒಲೆಯ ಹತ್ತಿರ ಹೋಗಿ, ಬಗ್ಗಿ ಕೊಳ್ಳಿಯನ್ನು ಹಿಂದಕ್ಕೆ ಎಳೆದು, ಬಕೆಟಿಗೆ ಬಿಸಿನೀರು ತೋಡಿದಳು. ತಣ್ಣೀರು ಬೆರೆಸಿದಳು. ಮಣಿಕಟ್ಟಿಗೆ ಬಿಟ್ಟು ನೋಡಿದಳು. ಇನ್ನೂ ತಣ್ಣೀರು ಬೆರೆಸಿದಳು. ಮತ್ತೆ ನೋಡಿದಳು. ಮತ್ತೆ ತಣ್ಣೀರಿಗೆ ಕೈ ಹಾಕಿದಾಗ ಜಾಯ್ಸ್ ಬಂದು ತನ್ನ ಕೈಯನ್ನು ಮೊಣಕೈವರೆಗೆ ಬಕೆಟಿನಲ್ಲಿ ಮುಳುಗಿಸಿದಳು.

"ಸಾಕು ಕಿನ್ನಿ" ಎಂದಳು. "ಹದ ಉಂಟು. ಹೊಯ್ಯಿ."

ಕಿನ್ನಿ ಹೊಯ್ದಳು.

ಮದುವೆಯ ಗಲಾಟೆಯೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಆ ಹುಂಜ ನನ್ನನ್ನು ಎಬ್ಬಿಸಿತು. ಅದು ಇನ್ನೂ ಬದುಕಿದೆ. ಅದರ ಬದಲಿಗೆ ಬೇರೆಯವನು ಸತ್ತಾಗಿದೆ ಎಂದು ಅದಕ್ಕೂ ಯಾರೋ ಹೇಳಿರಬೇಕು, ಅಷ್ಟು ಧೈರ್ಯದಲ್ಲಿ ಕೂಗುತ್ತದೆ. ನಾನು ಪಾಗಾರದ ಹತ್ತಿರ ನಿಂತಿದ್ದೆ. ಜಾಯ್ಸ್‌ಳ ಅಡಿಗೆಮನೆಯ ಕಿಟಕಿಯಿಂದ ಕುಚ್ಚಲಕ್ಕಿ ಅನ್ನ ಬಸಿಯುವ ಪರಿಮಳ ಬಂತು. ಆ ಮನೆಯಿಂದ ಆ ಪರಿಮಳ ಬಂದು ಎಷ್ಟು ಕಾಲವಾಗಿತ್ತೋ. ಒಲೆಯ ಮುಂದೆ ಕಿನ್ನಿ ನಿಂತಿದ್ದಳು. ಆಗ ಗೇಟಿನಲ್ಲಿ ಮೀನಿನ ಸ್ಕೂಟರು ಹಾರ್ನ್ ಹಾಕಿ ನಿಂತಿತು. ಬೂತಾಯಿ, ಬೂತಾಯಿ ಎಂದು ಮೀನಿನವನು ಕೂಗಿದ. ಕಿನ್ನಿ ಕಿಟಕಿಯಿಂದ ಗೇಟಿನ ಕಡೆ ನೋಡಿ, ಮತ್ತೆ ಪಾತ್ರೆಯ ಕಡೆ ನೋಡಿ, ಅಲ್ಲೇ ನಿಂತಳು.

"ಹೋಗು, ನಿನ್ನ ಮನೆಗೂ ಸೇರಿಸಿ ತೆಗೆದುಕೋ" ಎಂದದ್ದು ಒಳಗಿನಿಂದ ಜಾಯ್ಸ್‌ಳ ಸ್ವರ. "ಪಾತ್ರೆ ನಾನು ನೋಡ್ತೇನೆ."

ಕಿನ್ನಿ ಸೀರೆಗೆ ಕೈ ಒರೆಸಿಕೊಂಡು ಅಂಗಳಕ್ಕೆ ಇಳಿದಳು. ಗೇಟಿನಲ್ಲಿ ನಿಂತು ಬೂತಾಯಿಯ ಕಿವಿರು ಎತ್ತಿ ನೋಡಿ, ಇದು ನಿನ್ನೆಯದ್ದು, ನಾನು ದಕ್ಕೆಯವನ ಹೆಂಡತಿ, ನನಗೆ ಮೋಸ ಮಾಡಬೇಡ ಎಂದು ಅವನೊಂದಿಗೆ ಬಹಳ ಹೊತ್ತು ಜಗಳ ಮಾಡಿದಳು.